ಟೀವಿ ಆರಿಸಿದರೆ ಸಾಕೇ?

ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ಹೊಳೆ. ಆ ಕಡಲಿನಾಚೆ ಗಲ್ಫಿಗೆ ದುಡಿಯಲು ಹೋದವರು ಈ ಸೀಮೆಯಲ್ಲಿ ಬಹಳ. ಕತಾರಿನ 2022ರ ಫುಟ್‌ಬಾಲ್ ವಿಶ್ವಕಪ್ ಇಲ್ಲಿಯವರಿಗೂ ಸೇರಿದ ಮಾತು.

ಆ ಕ್ರೀಡಾಂಗಣಗಳನ್ನು ಬಿರುಬಿಸಿಲಲ್ಲಿ ಕಟ್ಟಿದವರಲ್ಲಿ ಭಾರತ, ನೇಪಾಳ, ಬಾಂಗ್ಲಾದೇಶದ ಕೂಲಿಕಾರರಿದ್ದರು. ಜೀವ ಕಳೆದುಕೊಂಡವರೂ ಇದ್ದರು. ಎಷ್ಟೋ ಜನರ ಪಾಸ್‌ಪೋರ್ಟು ಮಾಲೀಕನ ಪೆಟ್ಟಿಗೆಯಲ್ಲಿ, ಸಂಬಳ ತಿಂಗಳುಗಟ್ಟಲೆ ಬಾಕಿ. ಜರ್ಮನಿಯ ಅಭಿಮಾನಿಗಳು ಬಹಿಷ್ಕಾರದ ಬ್ಯಾನರು ಹಿಡಿದರು. ಪ್ಯಾರಿಸ್ ನಗರಾಡಳಿತ ಪಂದ್ಯ ತೋರಿಸುವ ದೊಡ್ಡ ಪರದೆ ಹಾಕಲೇ ಇಲ್ಲ.

ವಿಶ್ವಕಪ್‌ಗೆ ಮೊದಲೇ ಎದ್ದ ಕೂಗು ವ್ಯರ್ಥವಾಗಲಿಲ್ಲ. 2021ರಲ್ಲಿ ಕತಾರ್ ತಿಂಗಳಿಗೆ 1,000 ರಿಯಾಲ್ ಕನಿಷ್ಠ ವೇತನ ಜಾರಿಗೆ ತಂದಿತು. ಪಂದ್ಯ ನೋಡದೆ ಕೂರುವುದಕ್ಕಿಂತ, ಮೊದಲೇ ಪ್ರಶ್ನೆ ಎತ್ತುವುದು ಕೂಲಿಕಾರನಿಗೆ ಹೆಚ್ಚು ಉಪಕಾರಿ.

2034ರ ವಿಶ್ವಕಪ್ ಸೌದಿ ಅರೇಬಿಯಾದಲ್ಲಿ. ನಿಮ್ಮ ಮನೆಯಿಂದ ಯಾರಾದರೂ ಅಲ್ಲಿಗೆ ಕೆಲಸಕ್ಕೆ ಹೊರಟರೆ, ಸಹಿಗೆ ಮುಂಚೆ ಕರಾರುಪತ್ರವನ್ನು ಪೂರ್ತಿ ಓದಿಸಿ.