ಗಿಣ್ಣು ಮೊದಲು ಯಾರಿಗೆ?

ಗಿಣ್ಣು ಅಂದ್ರೆ ಯಾರಿಗೆ ಬಾಯಲ್ಲಿ ನೀರು ಬರಲ್ಲ ಹೇಳಿ? ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದ್ದು. ಈಗ ಬೆಂಗಳೂರಲ್ಲಿ ಅಂಗಡಿಯಲ್ಲೇ ಸಿಗುತ್ತೆ. ಆದ್ರೆ ಆ ಹಾಲು ಯಾರಿಗೋಸ್ಕರ ಬರುತ್ತೆ ಅನ್ನೋದು ನನಗೆ ಗೊತ್ತಾಗಿದ್ದು ಬಿ.ಕಾಂ. ಎರಡನೇ ವರ್ಷದ ರಜೆಯಲ್ಲಿ, ಮದ್ದೂರು ಕಡೆ ಇರೋ ದೊಡ್ಡಮ್ಮನ ಮನೆ ಕೊಟ್ಟಿಗೆಯಲ್ಲಿ.

ದೊಡ್ಡಮ್ಮನ ಮಗಳು, ನಮ್ಮಕ್ಕ, ಆಗ ವೆಟರ್ನರಿ ಓದ್ತಿದ್ಲು. ಅವರ ಎಚ್‌ಎಫ್ ಕ್ರಾಸ್ ಹಸು ಬೆಳಗಿನ ಜಾವ ಕರು ಹಾಕ್ತು. ಅಕ್ಕ ನನ್ನ ಕೈಗೆ ಒಣ ಗೋಣಿಚೀಲ ಕೊಟ್ಟು, "ಮೊದಲು ಮೂಗು, ಬಾಯಿ ಒರೆಸು" ಅಂದ್ಲು. ಲೋಳೆ ತೆಗೆದ ಮೇಲೆ ಕರು ಒಂದ್ಸಲ ಸೀನಿ ಜೋರಾಗಿ ಉಸಿರೆಳೀತು. ಹೊಕ್ಕುಳಬಳ್ಳಿಗೆ ಟಿಂಚರ್ ಅಯೋಡಿನ್ ಹಚ್ಚಿದ್ದೂ ನಾನೇ. ಅಲ್ಲಿಂದ ಸೋಂಕು ಒಳಗೆ ಹೋಗಬಾರದು ಅಂತ.

ಕರು ತಡವರಿಸಿಕೊಂಡು ಎದ್ದು ನಿಲ್ತು. ಅಷ್ಟರಲ್ಲಿ ದೊಡ್ಡಮ್ಮ ಅಡ್ಡ ಬಂದ್ರು. "ಮಾಸು ಬೀಳೋವರೆಗೂ ಕುಡಿಸಬಾರದು ಕಣೇ." ಇದು ಅವರೊಬ್ಬರ ಮಾತಲ್ಲ, ತುಂಬ ಕಡೆ ಇರೋ ನಂಬಿಕೆ.

ಅಕ್ಕ ಹೇಳಿದ್ದನ್ನ ನಾನು ಕಾಮರ್ಸ್ ಭಾಷೆಯಲ್ಲಿ ಹೇಳ್ತೀನಿ. ನಮಗೆ ತಾಯಿ ಹೊಟ್ಟೆಯಲ್ಲಿದ್ದಾಗಲೇ ಒಂದಷ್ಟು ರೋಗನಿರೋಧಕ ಶಕ್ತಿ ಬಂದಿರುತ್ತೆ. ಕರುವಿಗೆ ಹಾಗೆ ಬರಲ್ಲ, ಅದರ ಓಪನಿಂಗ್ ಬ್ಯಾಲೆನ್ಸ್ ಝೀರೋ. ಮೊದಲ ಡೆಪಾಸಿಟ್ಟೇ ಗಿಣ್ಣು ಹಾಲು. ಅದರಲ್ಲಿರೋ ಆಂಟಿಬಾಡಿಗಳು ಕರುಳಿನಿಂದ ರಕ್ತಕ್ಕೆ ಚೆನ್ನಾಗಿ ಸೇರೋದು ಹುಟ್ಟಿದ ಮೊದಲ ಕೆಲವು ಗಂಟೆ ಮಾತ್ರ. ಹೊತ್ತು ಹೋದಂಗೆ ಕಮ್ಮಿ ಆಗ್ತಾ ಹೋಗಿ, 24 ಗಂಟೆ ಹೊತ್ತಿಗೆ ಕೌಂಟರ್ ಕ್ಲೋಸ್. ಮಾಸು ಬೀಳೋಕೆ ಅರ್ಧ ದಿನ ಹಿಡಿದ್ರೆ? ಆಮೇಲೆ ಕುಡಿಸಿದ್ರೆ ರಕ್ತಕ್ಕೆ ಸೇರೋದು ತುಂಬ ಕಮ್ಮಿ. ಭೇದಿಯೋ ನ್ಯುಮೋನಿಯಾನೋ ಬಂದ್ರೆ ತಡ್ಕೊಳ್ಳೋ ಶಕ್ತಿ ಕಮ್ಮಿ ಇರುತ್ತೆ.

"ಅಮ್ಮ, ಕರು ಚೀಪಿದ್ರೆ ಗರ್ಭಕೋಶ ಬಿಗಿಯಾಗಿ ಮಾಸು ಬೀಳೋಕೇ ಅನುಕೂಲ" ಅಂದ್ಲು ಅಕ್ಕ. "ಏನಾದ್ರೂ ಆದ್ರೆ ನೀನೇ ನೋಡ್ಕೋ" ಅಂದ್ರು ದೊಡ್ಡಮ್ಮ. ಅವರ ಭಯಕ್ಕೂ ಕಾರಣ ಇತ್ತು. ಆ ಒಂದು ಹಸುವಿನ ಡೈರಿ ಬಟವಾಡೆಯಲ್ಲೇ ಮನೆ ನಡೀಬೇಕಿತ್ತು.

ಕೆಚ್ಚಲು ತೊಳೆದು ಕರು ಬಿಟ್ವಿ. ಅದು ಹಸುವಿನ ಮುಂಗಾಲ ಹತ್ತಿರ ಮೊಲೆ ಹುಡುಕ್ತಿತ್ತು! ಗಿಣ್ಣಲ್ಲಿ ಬೆರಳು ಅದ್ದಿ ಅದರ ಬಾಯಿಗಿಟ್ಟೆ. ಒರಟು ನಾಲಗೆ, ಬಿಸಿ ಬಾಯಿ. ಬೆರಳು ಚೀಪೋಕೆ ಶುರು ಮಾಡಿದ್ಮೇಲೆ ಹಾಗೇ ಮೊಲೆ ಹತ್ತಿರ ಕರ್ಕೊಂಡು ಹೋದೆ. ಬಾಲ ಆಡಿಸ್ತಾ ಕುಡೀತು ನೋಡಿ!

ಲೆಕ್ಕ ಸುಲಭ. ಕರುವಿನ ತೂಕದ ಹತ್ತನೇ ಒಂದು ಭಾಗ. 30 ಕೆಜಿ ಕರುವಿಗೆ ಮೊದಲ 12 ಗಂಟೆಯಲ್ಲಿ ಸುಮಾರು 3 ಲೀಟರ್, ಅದರಲ್ಲಿ ಅರ್ಧದಷ್ಟು ಮೊದಲ ಎರಡು ಗಂಟೆಯೊಳಗೇ.

ಮಧ್ಯಾಹ್ನದ ಹೊತ್ತಿಗೆ ಮಾಸು ಬಿತ್ತು. ದೊಡ್ಡಮ್ಮ ಏನೂ ಹೇಳಲಿಲ್ಲ. ಸಂಜೆ, ಕರು ಕುಡಿದು ಉಳಿದ ಹಾಲಲ್ಲಿ ಗಿಣ್ಣು ಮಾಡಿ ಪಕ್ಕದ ಮನೆಗೂ ಕೊಟ್ಟು ಬಂದ್ರು.

ಹಾಗಾಗಿ ಗಿಣ್ಣು ತಿನ್ನಬೇಡಿ ಅಂತ ನಾನು ಹೇಳ್ತಿಲ್ಲ. ಕರುವಿನ ಪಾಲು ಮೊದಲು, ನಮ್ಮ ತಟ್ಟೆ ಆಮೇಲೆ. ಊರಲ್ಲಿ ಹಸು ಸಾಕಿರೋರು ಇದ್ರೆ ಈ ಎಪಿಸೋಡ್ ವಾಟ್ಸಾಪ್ ಮಾಡಿ. ಇನ್ನೊಂದು ಮಾತು, 12 ಗಂಟೆ ಆದ್ರೂ ಮಾಸು ಬೀಳದಿದ್ರೆ ಕೈಹಾಕಿ ಎಳೀಬೇಡಿ. ಪಶುವೈದ್ಯರನ್ನ ಕರೀರಿ, ಸಹಾಯವಾಣಿ 1962. ಮುಂದಿನ ವಾರ ಸಿಗೋಣ.