ಆನಿಕೆರೆಯ ಏರಿಯ ಮೇಲೆ



ಕಾರ್ತಿಕ ಮಾಸದ ಇಳಿಹೊತ್ತಿನಲ್ಲಿ ಹಾನಗಲ್ಲಿನ ಆನಿಕೆರೆಯ ಏರಿಯ ಮೇಲೆ ಪಡುವಣಕ್ಕೆ ಮುಖಮಾಡಿ ನಿಂತವನಿಗೆ ಅಲ್ಲಿಂದ ಕಾಲು ಕೀಳಲು ಮನಸ್ಸಾಗದು. ಬಿಸಿಲಿನ ಕಾವು ಅಡಗಿ ನೀರಿನ ಮೇಲೆ ಕುಂಕುಮದ ಬಣ್ಣ ಹರಡುವದು. ಬೆಳ್ಳಕ್ಕಿಗಳು ಸಾಲುಗಟ್ಟಿ ಗೂಡಿಗೆ ಮರಳುವವು. ಧರ್ಮಾ ನದಿಯ ನೀರುಂಡು ಬೆಳೆದ ಭತ್ತವು ಹೊಂಬಣ್ಣ ತಳೆದು ತಲೆಬಾಗಿ ನಿಂತಿರುವದು. ದಿನವೂ ನೋಡುವವರಿಗೂ ಅದು ದಿನವೂ ಹೊಸದು.

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಗಳ ಚೆಲುವು ಒಂದರಂತೆ ಒಂದಿಲ್ಲ. ಪಡುವಲಿಗೆ ಮಲೆನಾಡಿನ ಸೆರಗು. ಮೂಡಲಿಗೆ ನಡೆದಂತೆ ಗದ್ದೆ ಸರಿದು ಎರೆಹೊಲ, ಹತ್ತಿ, ಜೋಳ. ಸವಣೂರಿನ ಕಲ್ಮಠದ ದೊಡ್ಡ ಹುಣಸೆ ಮರಗಳನ್ನು ಕಾಣದವರು ಈ ಸಭೆಯಲ್ಲಿ ವಿರಳ. ಹುಣಸೆಯೆಂಬದು ಹೆಸರಿಗೆ ಮಾತ್ರ, ಮರಗಳು ಆಫ್ರಿಕಾ ಖಂಡದ ಜಾತಿಯವು. ಆ ಮೂರರಲ್ಲಿ ಒಂದು 2023ರ ಮಳೆಗಾಲದಲ್ಲಿ ಉರುಳಿತು. ಅದನ್ನು ಮರಳಿ ಎತ್ತಿ ನಿಲ್ಲಿಸಲಾಯಿತು. ಮರ ಬಿದ್ದರೆ ಊರು ಕೂಡುವದು. ಮನುಷ್ಯನೊಬ್ಬ ಕುಸಿದರೆ ಕೂಡುವದೇ?

ಏರಿಯ ಮೇಲಣ ದಾರಿಗನಿಗೆ ಮರಳೋಣ. ಅವನು ಆಕಾಶವನ್ನು ನೋಡಿ ಹಿಗ್ಗುತ್ತಿರುವಾಗ ಪಡುವಣದಲ್ಲಿ ಮೋಡವೊಂದು ಏಳುವದು. ಅದರ ಅಂಚಿಗೆ ಚಿನ್ನ, ಒಡಲಿಗೆ ಕೆಂಡದ ಬಣ್ಣ. ಇಂಥ ಸೊಬಗು ವರುಷದಲ್ಲಿ ಒಮ್ಮೆ ಕಂಡರೆ ಪುಣ್ಯವೆಂದು ಅವನು ಕೈ ಮುಗಿಯುವನು. ಏರಿಯ ಕೆಳಗೆ ಗದ್ದೆಯಲ್ಲಿ ಮುದುಕ ಮುದುಕಿ ಇಬ್ಬರೂ ಅದೇ ಮೋಡವನ್ನೇ ನೋಡುತ್ತಿರುವರು. ಅವರ ಭತ್ತ ಕೊಯ್ದು ಬಿದ್ದಿದೆ, ಇನ್ನೂ ಬಣವೆಗೆ ಏರಿಲ್ಲ. ಆ ಮೋಡ ಒಂದು ತಾಸು ಸುರಿದರೂ ಹುಲ್ಲು ಕಪ್ಪಾಗುವದು. ಮಳೆ ಎರಡು ದಿನ ಹಿಡಿದರೆ ತೆನೆಯಲ್ಲಿಯೇ ಮೊಳಕೆ ಒಡೆಯುವದು. ಬೀಜಕ್ಕೆ ತಂದ ಸಾಲ, ಗೊಬ್ಬರಕ್ಕೆ ತಂದ ಸಾಲ, ಮಗಳ ಬಾಣಂತನಕ್ಕೆ ತಂದ ಸಾಲ, ಮೂರೂ ಆ ಮೋಡದ ಕೆಳಗೆ ಮಲಗಿವೆ. ಮೋಡ ಒಂದೇ, ನೋಡುವ ಕಣ್ಣು ಎರಡು.

ಹಾಗಾದರೆ ದಾರಿಗನು ಹಿಗ್ಗಿದ್ದು ತಪ್ಪೇ? ದುಃಖವಿರುವ ಲೋಕದಲ್ಲಿ ಚೆಲುವನ್ನು ನೋಡಬಾರದೆಂದು ಹಟ ಹಿಡಿಯುವ ವಿರಕ್ತಿಯೊಂದುಂಟು. ಚೆಲುವು ಕೆಟ್ಟೀತೆಂದು ದುಃಖದ ಕಡೆಗೆ ಬೆನ್ನು ತಿರುಗಿಸುವ ರಸಿಕತೆಯೂ ಒಂದುಂಟು. ಮೊದಲನೆಯದು ಒಣ ವೈರಾಗ್ಯ, ಎರಡನೆಯದು ಮೆತ್ತನೆಯ ಕ್ರೌರ್ಯ. ಎರಡನ್ನೂ ಒಲ್ಲದ ನಡೆಯೊಂದು ಇದೇ ಹಾನಗಲ್ಲ ಸೀಮೆಯಲ್ಲಿ ನಡೆದುಹೋಗಿದೆ.

1867ರಲ್ಲಿ ಜನಿಸಿ 1930ರಲ್ಲಿ ಲಿಂಗೈಕ್ಯರಾದ ಹಾನಗಲ್ಲ ಶ್ರೀ ಕುಮಾರ ಶಿವಯೋಗಿಗಳವರ ಚರಿತ್ರೆ ತಮಗೆಲ್ಲರಿಗೂ ತಿಳಿದದ್ದು. 1904ರ ಮಹಾಸಭೆಯನ್ನೂ 1909ರ ಶಿವಯೋಗ ಮಂದಿರವನ್ನೂ ಇಲ್ಲಿ ವಿವರಿಸಬೇಕಾಗಿಲ್ಲ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿನಿಂದಲೇ ಕಣ್ಣು ಕಾಣದ ಅಣ್ಣ ತಮ್ಮಂದಿರಿದ್ದರು; ಗುರುಬಸಯ್ಯ, ಗದಿಗೆಯ್ಯ ಎಂದು ಹೆಸರು. ಗದಿಗೆಯ್ಯ ಹುಟ್ಟಿದ್ದು 1892ರಲ್ಲಿ. ಆ ಮಕ್ಕಳ ಪಾಲಿಗೆ ಕೆರೆಯ ಕೆಂಪೂ ಇಲ್ಲ, ಬೆಳ್ಳಕ್ಕಿಯ ಬಿಳುಪೂ ಇಲ್ಲ. ಸಂಜೆಯೆಂದರೆ ಮೈಗೆ ತಗಲುವ ತಂಪು, ದನಗಳ ಕೊರಳ ಗಂಟೆಯ ಸಪ್ಪಳ, ಇಷ್ಟೇ. ಸ್ವಾಮಿಗಳವರು ಅವರನ್ನು ಆಶ್ರಯಕ್ಕೆ ತಂದುಕೊಂಡರು. ಅನ್ನವಿಕ್ಕಿ ಮೂಲೆಯಲ್ಲಿ ಕೂಡ್ರಿಸಿದ್ದರೆ ಜನ ಅದನ್ನೂ ದಯೆಯೆಂದೇ ಕೊಂಡಾಡುತ್ತಿದ್ದರು. ಸ್ವಾಮಿಗಳವರು ಸಂಗೀತವನ್ನು ಕಲಿಸಿದರು.

ಗದಿಗೆಯ್ಯನೇ ಮುಂದೆ ಪಂಚಾಕ್ಷರ ಗವಾಯಿಗಳಾದರು. ಮಿರಜಿಯ ನೀಲಕಂಠ ಬುವಾ ಅವರಲ್ಲಿ ಉತ್ತರಾದಿ ಸಂಗೀತವನ್ನು ಅಭ್ಯಸಿಸಿದರು, ದಕ್ಷಿಣಾದಿಯನ್ನೂ ಸಾಧಿಸಿದರು. ಉತ್ತರಾದಿ ಪದ್ಧತಿಯಲ್ಲಿ ಹಗಲು ಇರುಳು ಕೂಡುವ ಹೊತ್ತಿಗೆಂದೇ ರಾಗಗಳುಂಟು. ಅವಕ್ಕೆ ಸಂಧಿಪ್ರಕಾಶ ರಾಗಗಳೆಂದು ಹೆಸರು. ಸಂಜೆಯ ಮಾರವಾ ರಾಗದಲ್ಲಿ ರಿಷಭ ಕೋಮಲ, ಮಧ್ಯಮ ತೀವ್ರ, ಪಂಚಮವೇ ಇಲ್ಲ. ಷಡ್ಜದ ಮೇಲೆ ನಿಲ್ಲುವದೂ ಕಡಿಮೆ. ಮನೆಗೆ ಮರಳಬೇಕಾದವರು ಇನ್ನೂ ಮರಳದಿರುವಾಗ ಹೊಸ್ತಿಲಲ್ಲಿ ಕಾಯುವ ಜೀವದ ತಳಮಳವೆಲ್ಲ ಆ ಸ್ವರಗಳಲ್ಲಿದೆ. ಕಣ್ಣಿನಿಂದ ದೊರೆಯದ ಸಂಜೆ ಆ ಹುಡುಗನಿಗೆ ಕಿವಿಯಿಂದ ದೊರೆಯಿತು. ದೊರೆತದ್ದನ್ನು ಅವರು ಒಬ್ಬರೇ ಉಣ್ಣಲಿಲ್ಲ. ಇದೇ ತಾಲೂಕಿನ ದೇವಗಿರಿ ಹೊಸಪೇಟೆಯಲ್ಲಿ 1914ರಲ್ಲಿ ಹುಟ್ಟಿ ಎಳವೆಯಲ್ಲಿಯೇ ಕಣ್ಣು ಕಳೆದುಕೊಂಡ ಪುಟ್ಟರಾಜರನ್ನು ಶಿಷ್ಯನನ್ನಾಗಿ ಬೆಳೆಸಿದರು. ಪಂಚಾಕ್ಷರ ಗವಾಯಿಗಳು 1944ರಲ್ಲಿ ಲಿಂಗೈಕ್ಯರಾದ ಮೇಲೆ ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಪುಟ್ಟರಾಜ ಗವಾಯಿಗಳು 2010ರವರೆಗೆ ನಡೆಸಿದರು. ಅಲ್ಲಿ ಕಲಿತ ಅಂಧ ಮಕ್ಕಳು ಇಂದು ನಾಡಿನ ಊರೂರುಗಳಲ್ಲಿ ಹಾಡುತ್ತಿರುವರು, ತಬಲಾ ನುಡಿಸುತ್ತಿರುವರು, ತಮ್ಮ ಅನ್ನವನ್ನು ತಾವೇ ದುಡಿದು ಉಣ್ಣುತ್ತಿರುವರು.

ಸ್ವಾಮಿಗಳವರು ಆ ಬಾಲಕರಿಗೆ ಕಣ್ಣು ಕೊಡಲಿಲ್ಲ. ಅದು ಅವರ ಕೈಯಲ್ಲಿರಲಿಲ್ಲ. ಈ ಮಾತನ್ನು ಭಕ್ತರು ಮರೆಯಬಾರದು. ಪವಾಡದ ಕಥೆ ಕೇಳಿ ಕೈ ಮುಗಿಯುವದು ಸುಲಭ. ಇಬ್ಬರು ಹುಡುಗರ ಗಂಜಿಗೂ ಗುರುವಿಗೂ ವರುಷಗಟ್ಟಲೆ ಏರ್ಪಾಡು ಮಾಡುವದು ಬೇರೆ.

ಏರಿಯ ಮೇಲೆ ಈಗ ಕತ್ತಲೆ ಕವಿಯುತ್ತಿದೆ. ಮೋಡದ ಚಿನ್ನವೆಲ್ಲ ಬೂದಿಯಾಗಿದೆ, ಗಾಳಿ ತಿರುಗಿದೆ. ಕೆಳಗೆ ಮುದುಕನು ತಾಡಪತ್ರಿಯ ಒಂದು ಅಂಚನ್ನು ಕಲ್ಲಿನಿಂದ ಅದುಮಿ ಇನ್ನೊಂದು ಅಂಚಿಗೆ ಓಡುವಷ್ಟರಲ್ಲಿ ಮೊದಲನೆಯದು ಹಾರುತ್ತಿದೆ. ಮುದುಕಿ ಒಬ್ಬಳೇ ಸಿವುಡು ಹೊರುತ್ತಿದ್ದಾಳೆ. ದಾರಿಗನು ಪಡುವಣಕ್ಕೆ ಇನ್ನೊಮ್ಮೆ ನೋಡಿ, ಧೋತರದ ಚುಂಗು ಎತ್ತಿ ಕಟ್ಟಿ, ಏರಿಯನ್ನು ಇಳಿಯುತ್ತಿದ್ದಾನೆ.