ಪರಿಹಾರವಿಲ್ಲವೆಂದು ಮಾಲೀಕರು ಬರೆದ ಮೇಲೆ

(ಶಾಲೆಯ ವಾರ್ಷಿಕೋತ್ಸವದಲ್ಲಿ ಸಂಘದ ಪರವಾಗಿ ಮಾಡಿದ ಭಾಷಣ)



ಈ ದಿನ ವಿದ್ಯೆಯ ಮಹಿಮೆಯನ್ನು ಕುರಿತು ನಾಲ್ಕು ಮಾತನಾಡುವುದು ವಾಡಿಕೆ. ಈ ಸಲ ನಾವು ಒಂದು ಕಾಗದದ ವಿಷಯವನ್ನು ತಮ್ಮ ಮುಂದಿಡಲು ಅಪ್ಪಣೆ ಬೇಡುತ್ತೇವೆ. ಎಂಟನೆಯ ತರಗತಿಯ ಬಾಲಕನೊಬ್ಬನು ಅದನ್ನು ಸಂಘದ ಕಛೇರಿಗೆ ತಂದನು. ಅವನ ತಂದೆಯವರು ಹೊಸೂರಿನಿಂದ ಗಡಿಯಾಚೆ, ಅತ್ತಿಬೆಲೆಯ ಕಡೆಗೆ, ಏಳೆಂಟು ಜನ ದುಡಿಯುವ ಒಂದು ಸಣ್ಣ ಕಾರ್ಖಾನೆಗೆ ಹೋಗುತ್ತಿದ್ದವರು. ಪ್ರೆಸ್ ಯಂತ್ರಕ್ಕೆ ಸಿಕ್ಕಿ ಬಲಗೈಯ ಮೂರು ಬೆರಳುಗಳು ಹೋದುವು. ಕಾಗದವು ಇಂಗ್ಲಿಷಿನಲ್ಲಿತ್ತು. ಅಪಘಾತವು ಆತನ ಅಜಾಗರೂಕತೆಯಿಂದ ಆದುದು, ಆತನು ನಮ್ಮ ನೌಕರನೂ ಅಲ್ಲ, ಆದುದರಿಂದ ಪರಿಹಾರವಿಲ್ಲ. ಇದು ಅದರ ಸಾರ. ತಾರೀಖನ್ನು ನೋಡಿ ನಾವು ತಲೆತಗ್ಗಿಸಬೇಕಾಯಿತು. ಅದು ಬಂದು ಎರಡು ವರ್ಷಗಳ ಮೇಲಾಗಿತ್ತು. ಅಪಘಾತದ ಹೊಸದರಲ್ಲಿ ಆ ಬಾಲಕನ ತಾಯಿ ನಮ್ಮಲ್ಲಿಗೆ ಬಂದಾಗ, "ಕಾರ್ಖಾನೆಯವರೇ ಏನಾದರೂ ಮಾಡಿಯಾರು, ಸ್ವಲ್ಪ ತಾಳಿರಮ್ಮ" ಎಂದು ಹೇಳಿ ಕಳುಹಿಸಿದವರು ನಾವೇ.

ಅಂದು ನಾವು ಹೇಳಬೇಕಾಗಿದ್ದ ಮಾತನ್ನು ಈಗ ಹೇಳುತ್ತೇವೆ. ಮಾಲೀಕರು ಬರೆದ "ಇಲ್ಲ" ಎಂಬುದು ತೀರ್ಪಲ್ಲ. ಅದು ವ್ಯಾಜ್ಯದಲ್ಲಿ ಒಂದು ಪಕ್ಷದ ಮಾತು. ತೀರ್ಪು ಕೊಡುವ ಅಧಿಕಾರವು ಸರ್ಕಾರವು ನೇಮಿಸಿದ ಅಧಿಕಾರಿಯದು. 1923ರ ಕಾಯಿದೆಯು ಅವರನ್ನು ಕಮಿಷನರು ಎಂದು ಕರೆದಿತ್ತು. ಅದರ ಸ್ಥಾನದಲ್ಲಿ 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಸಾಮಾಜಿಕ ಭದ್ರತಾ ಸಂಹಿತೆಯು ಸಕ್ಷಮ ಪ್ರಾಧಿಕಾರಿ ಎನ್ನುತ್ತದೆ. ಹೆಸರು ಬದಲಾದರೂ ನಿಯಮಗಳ ತಿರುಳು ಬಹುಮಟ್ಟಿಗೆ ಹಿಂದಿನದೇ. ಅಪಘಾತವಾದ ಅಥವಾ ಮರಣವಾದ ದಿನದಿಂದ ಎರಡು ವರ್ಷಗಳೊಳಗೆ ಅರ್ಜಿಯು ಅವರ ಮುಂದೆ ಹೋಗತಕ್ಕದ್ದು.

ಮಾಲೀಕರು ಹೇಳುವ ಕಾರಣಗಳು ಎಷ್ಟರಮಟ್ಟಿಗೆ ನಿಲ್ಲುತ್ತವೆ? ಒಡಿಶಾದ ಜೇಪೋರ್ ಪಟ್ಟಣದಲ್ಲಿ ನಡೆದುದನ್ನು ಕೇಳಿರಿ. 1969ರ ಜುಲೈ 6ರಂದು ಬಡಗಿಯೊಬ್ಬರು ಚಿತ್ರಮಂದಿರವೊಂದರಲ್ಲಿ ಅಲಂಕಾರದ ಕೆಲಸ ಮಾಡುತ್ತಿದ್ದಾಗ ಬಿದ್ದರು. ಎಡಗೈಯನ್ನು ಮೊಣಕೈಯ ಬಳಿ ಕತ್ತರಿಸಬೇಕಾಯಿತು. ಮಾಲೀಕರ ಉತ್ತರವು ನಮ್ಮ ಬಾಲಕನು ತಂದ ಕಾಗದದಂತೆಯೇ ಇತ್ತು: ಈತನು ಬಿಡಿ ಗುತ್ತಿಗೆಯವನು, ತಪ್ಪೂ ಈತನದೇ. ಕಮಿಷನರು ಎರಡನ್ನೂ ಒಪ್ಪಲಿಲ್ಲ. ಪೂರ್ಣ ಅಂಗವೈಕಲ್ಯವೆಂದು ಎಣಿಸಿ ಪರಿಹಾರವನ್ನೂ, ಅದರ ಮೇಲೆ ಬಡ್ಡಿಯನ್ನೂ, ನೂರಕ್ಕೆ 50ರಂತೆ ದಂಡವನ್ನೂ ವಿಧಿಸಿದರು. ಹೋದುದು ಒಂದು ಕೈ ಮಾತ್ರವಲ್ಲವೆ, ಪೂರ್ಣವೆಂದು ಹೇಗೆ ಎಣಿಸಿದಿರಿ ಎಂದು ಮಾಲೀಕರು ಸುಪ್ರೀಂ ಕೋರ್ಟಿನವರೆಗೂ ಹೋದರು. ಒಂದೇ ಕೈಯಿಂದ ಮರಗೆಲಸ ಸಾಗದು, ಆದುದರಿಂದ ಬಡಗಿಗೆ ಅದು ಪೂರ್ಣ ನಷ್ಟವೇ ಎಂದು 1975ರ ಡಿಸೆಂಬರಿನಲ್ಲಿ ನ್ಯಾಯಾಲಯವು ಹೇಳಿತು. ಹಣವನ್ನು ಕೊಡುವ ಹೊಣೆಯು ಗಾಯವಾದ ಕ್ಷಣದಲ್ಲೇ ಹುಟ್ಟುತ್ತದೆ, ಆದೇಶವಾಗಲೆಂದು ಕಾಯುವಂತಿಲ್ಲ ಎಂದೂ ಹೇಳಿತು.

ಬರಿಯ ಅಜಾಗರೂಕತೆಯಿಂದ ಹಕ್ಕು ಹೋಗುವುದಿಲ್ಲ. ಕುಡಿದ ಅಮಲಿನಲ್ಲಿ ಆದ ಗಾಯ, ಸುರಕ್ಷತೆಯ ಆಜ್ಞೆಯನ್ನು ಬೇಕೆಂದೇ ಮೀರಿದ್ದು, ಯಂತ್ರದ ರಕ್ಷಾಕವಚವನ್ನು ತಿಳಿದೂ ತಿಳಿದೂ ಕಳಚಿದ್ದು, ಇಂಥವು ರುಜುವಾತಾದರೆ ಮಾತ್ರ ಮಾಲೀಕರು ತಪ್ಪಿಸಿಕೊಳ್ಳಬಹುದು. ಮರಣವಾದಲ್ಲಿ, ಇಲ್ಲವೆ ಶಾಶ್ವತವಾದ ಪೂರ್ಣ ಅಂಗವೈಕಲ್ಯವುಂಟಾದಲ್ಲಿ ಆ ದಾರಿಯೂ ಮುಚ್ಚಿದೆ. ನಡುವೆ ಗುತ್ತಿಗೆದಾರನಿದ್ದರೂ, ಕೆಲಸವು ಕಾರ್ಖಾನೆಯ ವ್ಯವಹಾರಕ್ಕೆ ಸೇರಿದ್ದಾದರೆ ಕಾರ್ಖಾನೆಯ ಮಾಲೀಕರನ್ನೇ ಕೇಳಬಹುದು. ಅವರು ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಲಿ.

ಆದರೆ ಹಕ್ಕು ಇದ್ದ ಮಾತ್ರಕ್ಕೆ ಸಾಲದು. ಅಲ್ಲಿ ದುಡಿಯುತ್ತಿದ್ದೆವೆಂದು ತೋರಿಸಬೇಕಷ್ಟೆ. ಮಕ್ಕಳೇ, ಇದು ನಿಮ್ಮಿಂದ ಆಗಬಹುದಾದ ಕೆಲಸ. ಮನೆಯಲ್ಲಿ ಯಾರಿಗಾದರೂ ಕೆಲಸದಲ್ಲಿ ಪೆಟ್ಟಾದರೆ ಅಂದೇ ಒಂದು ಹಾಳೆಯಲ್ಲಿ ದಿನ, ಹೊತ್ತು, ಯಂತ್ರ, ನೋಡಿದವರ ಹೆಸರು ಎಲ್ಲವನ್ನೂ ಬರೆದಿಡಿರಿ. ಆಸ್ಪತ್ರೆಯ ಚೀಟಿಗಳು, ಸಂಬಳದ ಹಣ ಬಂದ ಬ್ಯಾಂಕಿನ ಪುಸ್ತಕ, ಕಾರ್ಖಾನೆಯ ಗುರುತಿನ ಚೀಟಿ, ಮೇಸ್ತ್ರಿಯು ಮೊಬೈಲಿಗೆ ಕಳುಹಿಸಿದ ಸಂದೇಶ, ಒಂದನ್ನೂ ಕಳೆಯಬೇಡಿರಿ. ಆಸ್ಪತ್ರೆಯಲ್ಲಿ "ಮನೆಯಲ್ಲಿ ಬಿದ್ದೆ ಎಂದು ಬರೆಸು" ಎಂದು ಮೇಸ್ತ್ರಿಯು ಹೇಳಿದರೆ, ಅದಕ್ಕೆ ಒಪ್ಪದೆ ನಡೆದುದನ್ನು ನಡೆದಂತೆಯೇ ಬರೆಯಿಸಬೇಕು. ಮಾಲೀಕರಿಗೆ ಕೊಡುವ ನೋಟೀಸನ್ನು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀದಿಯನ್ನು ಇಟ್ಟುಕೊಳ್ಳುವುದು.

ತಂದೆತಾಯಿಗಳಲ್ಲಿ ಒಂದು ಅರಿಕೆ. ಸ್ವಲ್ಪ ಹಣವನ್ನು ಕೈಯಲ್ಲಿಟ್ಟು "ಇನ್ನು ಏನನ್ನೂ ಕೇಳುವುದಿಲ್ಲ" ಎಂಬ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸುವುದುಂಟು. ಕಾಯಿದೆಯು ಕೊಟ್ಟ ಹಕ್ಕನ್ನು ಬಿಟ್ಟುಕೊಡುವ ಕರಾರು ಅಸಿಂಧು. ಹಾಗೆ ಒತ್ತಿದವರು ಎಲ್ಲವೂ ಮುಗಿಯಿತೆಂದು ಕೈಕಟ್ಟಿ ಕುಳಿತುಕೊಳ್ಳಬಾರದು. ಮರಣದ ಪರಿಹಾರವಂತೂ ಅಧಿಕಾರಿಯ ಬಳಿ ಠೇವಣಿಯಾಗತಕ್ಕದ್ದು.

ಗಡಿಯಲ್ಲಿರುವ ನಮಗೆ ಇನ್ನೊಂದು ಅಳುಕು: ಅಪಘಾತ ಕರ್ನಾಟಕದಲ್ಲಿ, ಮನೆ ತಮಿಳುನಾಡಿನಲ್ಲಿ, ಯಾವ ಊರಿಗೆ ಅಲೆಯುವುದು? ಅಪಘಾತ ನಡೆದ ಕಡೆಯಲ್ಲೇ ಆಗಲಿ, ತಾವು ವಾಸಿಸುವ ಕಡೆಯಲ್ಲೇ ಆಗಲಿ ಅರ್ಜಿಯನ್ನು ಹಾಕಬಹುದು. ವಕೀಲರ ಖರ್ಚಿಗೆ ಅಂಜಬೇಕಾಗಿಲ್ಲ. ಕಾರ್ಖಾನೆಯ ಕಾರ್ಮಿಕರಿಗೂ ಸ್ತ್ರೀಯರಿಗೂ ಉಚಿತ ಕಾನೂನು ನೆರವು ಕೊಡಬೇಕೆಂದು 1987ರ ಕಾಯಿದೆಯೇ ಹೇಳುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿದರಾಯಿತು. ಇ.ಎಸ್.ಐ. ವಿಮೆಗೆ ಸೇರಿದವರ ದಾರಿ ಬೇರೆ. ಅವರು ಕೇಳಬೇಕಾದುದು ಆ ನಿಗಮವನ್ನು, ಅಲ್ಲಿ ಆಗದಿದ್ದರೆ ನೌಕರರ ವಿಮಾ ನ್ಯಾಯಾಲಯವನ್ನು. ಅಧಿಕಾರಿಯ ಆದೇಶವೇ ತಪ್ಪೆಂದು ತೋರಿದರೆ 60 ದಿನಗಳೊಳಗೆ ಹೈಕೋರ್ಟಿಗೆ ಮೇಲ್ಮನವಿಯುಂಟು, ಕಾನೂನಿನ ಮುಖ್ಯ ಪ್ರಶ್ನೆಯಿದ್ದಲ್ಲಿ ಮಾತ್ರ.

ಇನ್ನು ಆ ಬಾಲಕನ ತಂದೆಯವರ ವಿಷಯ. ಒಂದು ಕೈಯ ಮೂರು ಬೆರಳುಗಳ ನಷ್ಟವನ್ನು ಕಾಯಿದೆಯ ಅನುಸೂಚಿಯು ನೂರಕ್ಕೆ 30 ಎಂದು ಎಣಿಸುತ್ತದೆ. ಅವಧಿ ಮೀರಿದ್ದರೂ, ವಿಳಂಬಕ್ಕೆ ತಕ್ಕ ಕಾರಣವಿದ್ದರೆ ಅರ್ಜಿಯನ್ನು ಸ್ವೀಕರಿಸುವ ಅಧಿಕಾರವು ಅಧಿಕಾರಿಗೆ ಉಂಟು. ಬಾಲಕನು ಅರ್ಜಿಯ ಸಂಗತಿಗಳನ್ನು ಕನ್ನಡದಲ್ಲಿ ಬರೆದುಕೊಟ್ಟನು, ವಕೀಲರು ಅದನ್ನು ಇಂಗ್ಲಿಷಿಗೆ ತಿರುಗಿಸಿದರು. ವಿಳಂಬದ ಕಾರಣವೆಂಬಲ್ಲಿ ನಾವು ಆ ತಾಯಿಗೆ ತಾಳಿರೆಂದು ಹೇಳಿದ ಮಾತನ್ನು ಬರೆದು, ಪ್ರಮಾಣ ಪತ್ರಕ್ಕೆ ನಾವೇ ಸಹಿ ಹಾಕಿದ್ದೇವೆ. ವಿಚಾರಣೆ ಇನ್ನೂ ಮುಗಿದಿಲ್ಲ. ಇಂಥ ಕಾಗದವು ತಮ್ಮಲ್ಲಿ ಯಾರ ಮನೆಯಲ್ಲಾದರೂ ಇದ್ದರೆ, ನಾಳೆಯೇ ಸಂಘದ ಕಛೇರಿಗೆ ತರಬೇಕೆಂದು ಪ್ರಾರ್ಥಿಸುತ್ತೇವೆ.